ಕುಟ್ಟಾಣಿಯ ತಳದ ಪುಡಿ

ಬಿಂದುಮಾಧವರು ಸೊಸೆ ಮಂಜರಿಯ ಔಷಧವನ್ನು ಅವಳಿಗೆ ಹೇಳದೆ ಬಿಚ್ಚಿ, ಒಳಗಿದ್ದುದನ್ನು ಅರೆದು, ಬೇರೆ ಕವಚಗಳಲ್ಲಿ ತುಂಬಿದರು. ಆಷಾಢದ ಮೊದಲ ಏಕಾದಶಿಯಿಂದ ಆರು ವಾರ ಮೀರಿ ತುಂಬಿದರು. ದಿನಕ್ಕೆ ಆರು ಕ್ಯಾಪ್ಸೂಲ್. ಅವಳು ನುಂಗಿದಳು.

ಮರಾಠಿ ನಾಡಿನ ವಾಕಡ ಬಡಾವಣೆಯ ಮೂರನೆಯ ಮಹಡಿಯ ಆ ಮನೆಯಲ್ಲಿ ಐವರು. ಧಾರವಾಡದಿಂದ ಬಂದು, ಕುರಕುಂಭದ ಔಷಧಿ ಕಾರ್ಖಾನೆಯೊಂದರ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಕಳೆದು ನಿವೃತ್ತರಾದ ಬಿಂದುಮಾಧವರು. ಅವರ ಹೆಂಡತಿ ರಂಗೂಬಾಯಿ, ಮಡಿಯಲ್ಲಿ ಒಂದು ಕೂದಲೆಳೆ ಆಚೀಚೆ ಆಗಗೊಡದವರು. ವಿಮಾ ಕಂಪನಿಯಲ್ಲಿ ಕಾಗದ ಪರಿಶೀಲಿಸುವ ಮಗ ಋಷಿಕೇಶ. ಶಿವಾಜಿನಗರದ ಕಾಲೇಜೊಂದರ ಕಚೇರಿಯಲ್ಲಿ ಪ್ರವೇಶದ ಅರ್ಜಿಗಳನ್ನು ನೋಡುವ ಸೊಸೆ ಮಂಜರಿ. ಎಂಟನೆಯ ಇಯತ್ತೆಯಲ್ಲಿ ಓದುವ ಮೊಮ್ಮಗಳು ಶರ್ವರಿ. ಮಂಜರಿಗೆ ಒಂಬತ್ತು ವರ್ಷಗಳಿಂದ ದೊಡ್ಡ ಕರುಳಿನ ಹುಣ್ಣಿನ ರೋಗ. ಫೈಲಿನ ಮೇಲೆ ಕೊಲೈಟಿಸ್ ಎಂದು ಬರೆದಿದೆ. ವಾಸಿಯಾಗಿ ಹೋಗುವ ರೋಗವಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಂಡು ಬದುಕುವ ರೋಗ. ಕಳೆದ ಎರಡು ವರ್ಷ ಅವಳು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದಳು ಕೂಡ.

ಅದಕ್ಕೆ ಮೊದಲು ಒಮ್ಮೆ ತಪ್ಪಿದ್ದಳು. ಪ್ರವೇಶದ ಗದ್ದಲದಲ್ಲಿ ಎರಡು ವಾರ ಗುಳಿಗೆ ಮರೆತು ಆಸ್ಪತ್ರೆ ಸೇರಿದ್ದಳು. ಆಗ ಗುಳಿಗೆಯ ಜವಾಬ್ದಾರಿಯನ್ನು ಬಿಂದುಮಾಧವರೇ ವಹಿಸಿಕೊಂಡರು. ಊರ ಮಂದಿಯ ಔಷಧ ಪ್ಯಾಕ್ ಮಾಡಿ ಕಳಿಸಿದವನಿಗೆ ಮನೆಯ ಸೊಸೆಗೆ ಎಣಿಸಿ ಕೊಡುವುದು ಎಷ್ಟರ ಕೆಲಸ ಎಂದರು. ಏಳು ಖಾನೆಯ ನೀಲಿ ಡಬ್ಬಿ ತಂದರು. ಚೀಟಿ ತೆಗೆದುಕೊಂಡು ಅಂಗಡಿಗೆ ಹೋಗುವುದೂ ಅವರೇ, ಪಾಕೀಟಿನಿಂದ ಬಿಡಿಸಿ ಡಬ್ಬಿಗೆ ತುಂಬುವುದೂ ಅವರೇ. ಮಂಜರಿಗೆ ಕಣ್ಣು ತುಂಬಿ ಬಂದಿತ್ತು. ಇಂಥ ಮಾವ ಯಾರಿಗೆ ಸಿಗುತ್ತಾರೆ ಎಂದು ಕಚೇರಿಯಲ್ಲಿ ಹೇಳಿಕೊಂಡು ತಿರುಗಿದ್ದಳು.

ಈ ವರ್ಷ ಮೊದಲ ಏಕಾದಶಿಯ ದಿನ ಬಿಂದುಮಾಧವರು ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂದರು. ತೋಳಿನ ಮೇಲೆ ಶಂಖ ಚಕ್ರದ ಗುರುತು ಇನ್ನೂ ಕೆಂಪಗಿತ್ತು. ಪ್ರವಚನ ಮುಗಿದ ಮೇಲೆ ಯಾರೋ ಕ್ಯಾಪ್ಸೂಲಿನ ಕವಚವನ್ನು ಎಲುಬು ಕುದಿಸಿ ಮಾಡುತ್ತಾರೆ ಎಂದು ಮಾತು ತೆಗೆದಿದ್ದರಂತೆ. ಅವರಿಗೆ ಅದು ಹೊಸದೇನಲ್ಲ. ಗೋದಾಮಿನಲ್ಲಿ ಅದರ ಡ್ರಮ್ಮುಗಳನ್ನು ಕಂಡವರು. ಆದರೆ ಮಠದಲ್ಲಿ ನಾಲ್ಕು ಜನರ ಎದುರು ಕೇಳಿದ್ದು ಮನಸ್ಸಿಗೆ ಹತ್ತಿತು. ಅಂದಿನಿಂದ ಮನೆಯಲ್ಲಿ ಚಾತುರ್ಮಾಸ್ಯ. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯದು ಮೊಸರು ಇಲ್ಲ, ಆಮೇಲೆ ಹಾಲು, ಆಮೇಲೆ ಬೇಳೆ. ಬದನೆಕಾಯಿಯೂ ಒಳಗೆ ಬಾರದ ಮನೆಯಲ್ಲಿ ದಿನಕ್ಕೆ ಆರು ಎಲುಬಿನ ಕವಚ ನೀಲಿ ಡಬ್ಬಿಯಲ್ಲಿ ಕೂತಿರುವುದೆ? ಸಸ್ಯದಿಂದ ಮಾಡಿದ ಖಾಲಿ ಕವಚಗಳನ್ನು ತರಿಸಿದರು. ಬಂದವು ಒಂದು ಅಳತೆ ಸಣ್ಣವು. ಒಳಗಿನ ಸಾಸಿವೆಯಂಥ ಕಾಳುಗಳು ಹಿಡಿಯಲಿಲ್ಲ. ಅರೆದರೆ ಹಿಡಿದವು. ಮಂಜರಿ ಕೆಲಸಕ್ಕೆ ಹೋದ ಮೇಲೆ, ರಂಗೂಬಾಯಿ ಮಧ್ಯಾಹ್ನ ಅಡ್ಡಾದ ಮೇಲೆ ಅವರು ಅರೆದರು. ಸೊಸೆಗೆ ಹೇಳಿದರೆ ಬೇಡ ಅನ್ನುತ್ತಾಳೆ, ಆದ್ದರಿಂದ ಹೇಳಲಿಲ್ಲ. ಯಜಮಾನರಾದವರಿಗೆ ಇಂಥ ಲೆಕ್ಕ ತಲೆನೋವು ಕೊಡುವುದಿಲ್ಲ.

ಮೂರನೆಯ ವಾರಕ್ಕೆ ರಕ್ತ ಕಂಡಿತು.

ಮಂಜರಿ ನಾಲ್ಕು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ಏನು ತಿಂದೆ ಎಂಬ ಪ್ರಶ್ನೆ ಮೊದಲು ಬರುತ್ತದೆಂದು ಒಂಬತ್ತು ವರ್ಷದಲ್ಲಿ ಕಲಿತಿದ್ದಳು. ವಾಕಡದಿಂದ ಶಿವಾಜಿನಗರದವರೆಗೆ ಎಲ್ಲೆಲ್ಲಿ ಇಳಿಯಬಹುದು, ಯಾವ ಪೆಟ್ರೋಲ್ ಪಂಪಿನ ಹುಡುಗರು ಸಂಡಾಸಿನ ಕೀಲಿ ಕೊಡುತ್ತಾರೆ, ಯಾವ ಹೋಟೆಲಿನವನು ಮುಖ ನೋಡಿ ಬಾಗಿಲು ತೋರಿಸುತ್ತಾನೆ, ಎಲ್ಲ ಅವಳಿಗೆ ಬಾಯಿಪಾಠ. ಎರಡು ವರ್ಷ ಬೇಕಾಗಿರದ ಆ ಪಾಠವನ್ನು ಮತ್ತೆ ಒಪ್ಪಿಸತೊಡಗಿದಳು. ಚೀಲದಲ್ಲಿ ಮತ್ತೊಂದು ಸಲವಾರು ಬಂದು ಕೂತಿತು. ಬೆಳಿಗ್ಗೆ ಅವಳು ಸಂಡಾಸಿಗೆ ಹೋದರೆ ಹೊರಗೆ ಶರ್ವರಿ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಬಾಗಿಲು ಬಡಿಯುತ್ತಿದ್ದಳು.

"ಆಯೀ, ಇನ್ನ ಎಷ್ಟೊತ್ತು? ನನ್ನ ಬಸ್ ಹೋಗ್ತದ."

"ಬಂದೆ, ಬಂದೆ."

ಬರಲು ಆಗುತ್ತಿರಲಿಲ್ಲ. ಮೊಣಕಾಲು, ಮಣಿಕಟ್ಟು ನೋಯಲು ಹತ್ತಿದ್ದವು. ಕಚೇರಿಯ ಮೆಟ್ಟಿಲು ಏರಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು.

ಋಷಿಕೇಶ ಮೊದಲು ಸಂಶಯಪಟ್ಟದ್ದು ಹೆಂಡತಿಯ ಬಾಯಿಚಪಲವನ್ನು. ಇಡೀ ದಿನ ಇನ್ನೊಬ್ಬರ ಕಾಗದದಲ್ಲಿ ಸುಳ್ಳು ಹುಡುಕುವುದು ಅವನ ನೌಕರಿ. ಮನೆಗೆ ಬಂದ ಮೇಲೂ ಕಣ್ಣು ಹಾಗೆಯೇ ಕೆಲಸ ಮಾಡುತ್ತಿತ್ತು. ಒಂದು ಸಂಜೆ ಊಟಕ್ಕೆ ಕುಳಿತಾಗ ಅವಳ ಫೋನನ್ನು ತಾಟಿನ ಪಕ್ಕ ಇಟ್ಟ.

"ಶಿವಾಜಿನಗರದಾಗ ಈ ವಾರ ನಾಕು ಸಲ ಹೋಟೆಲಿಗೆ ರೊಕ್ಕ ಕೊಟ್ಟೀದಿ. ಮಿಸಳ್ ತಿಂದ್ಯೋ, ವಡಾಪಾವ್ ತಿಂದ್ಯೋ?"

"ಚಹಾ ತೊಗೊಂಡೀನಿ."

"ನಾಕು ಸಲ ಚಹಾ?"

"ಕುಡದಿಲ್ಲ. ಹೋಟೆಲಿನೊಳಗ ಸಂಡಾಸಿಗೆ ಬಿಡಬೇಕಂದ್ರ ಏನಾರ ತೊಗೊಳ್ಳಬೇಕಾಗ್ತದ್ರಿ."

ಶರ್ವರಿ ತಾಟು ಎತ್ತಿಕೊಂಡು ಒಳಗೆ ಹೋದಳು. ಋಷಿಕೇಶ ಫೋನನ್ನು ಬೋರಲು ಹಾಕಿ ಅನ್ನ ಕಲಸಿದ. ಮರುದಿನ ಅವಳ ಟಿಫಿನ್ ಡಬ್ಬಿಯನ್ನು ತೊಳೆಯುವ ಮೊದಲು ಬಿಚ್ಚಿ ಮೂಸಿ ನೋಡಿದ್ದನ್ನು ಅವಳು ಕಂಡಳು.

ಶ್ರಾವಣದ ಏಕಾದಶಿ ಬಂದಿತು, ಮೊಸರು ನಿಂತಿತು. ರೋಗ ಎದ್ದಾಗ ಅವಳ ಹೊಟ್ಟೆ ಒಪ್ಪುತ್ತಿದ್ದುದು ಮೆತ್ತಗೆ ಬೆಂದ ಮೊಸರನ್ನವೊಂದನ್ನೇ. ತನಗೊಂದು ಬಟ್ಟಲು ಬೇರೆ ಹೆಪ್ಪು ಹಾಕುತ್ತೇನೆಂದು ಕೇಳಿದಳು. ಒಂದು ಮನೆಯಲ್ಲಿ ಎರಡು ವ್ರತ ನಡೆಯುವುದಿಲ್ಲ ಎಂದು ರಂಗೂಬಾಯಿ ಹೇಳಿದರು. ದಿನಕ್ಕೆ ಹತ್ತು ಸಲ ಸಂಡಾಸಿಗೆ ಹೋಗುವವಳು ಒಲೆಯ ಕಡೆ ಬರಬಾರದೆಂದು ಅಡಿಗೆಮನೆಯ ಹೊಸ್ತಿಲಾಚೆ ಮಣೆ ಹಾಕಿದರು. ಗಂಜಿಯನ್ನು ತಾವೇ ಕಾಸಿ, ಮೇಲಿಂದ ಬಟ್ಟಲಿಗೆ ಸುರಿದು, ಸೆರಗು ತಾಗದಂತೆ ಹಿಂದೆ ಸರಿಯುತ್ತಿದ್ದರು. ಒಮ್ಮೆ ಗಂಜಿ ಸ್ವಲ್ಪ ಕಹಿಯಾಗಿತ್ತು.

"ಇದರಾಗ ಏನ ಹಾಕೀರಿ, ಅತ್ತಿಯವರ?"

"ವಿಷ," ಎಂದರು ರಂಗೂಬಾಯಿ. "ಕುಡಿ. ಮೆಂತ್ಯ ಅದ. ಹೊಟ್ಟಿಗೆ ತಂಪು."

ಮಂಜರಿ ಅರ್ಧ ಕುಡಿದು ಉಳಿದದ್ದನ್ನು ಮೋರಿಗೆ ಚೆಲ್ಲಿದಳು. ಅಂದಿನಿಂದ ಅತ್ತೆಯ ಕೈಯಿಂದ ಬಂದದ್ದನ್ನೆಲ್ಲ ನಾಲಗೆಯ ತುದಿಯಿಂದ ಪರೀಕ್ಷಿಸಿ ನುಂಗತೊಡಗಿದಳು. ಅವಳು ಕಣ್ಣುಮುಚ್ಚಿ ನುಂಗುತ್ತಿದ್ದುದು ನೀಲಿ ಡಬ್ಬಿಯದೊಂದನ್ನೇ.

ಆಗಸ್ಟಿನ ಎರಡನೆಯ ವಾರ ಋಷಿಕೇಶ ಮತ್ತು ಬಿಂದುಮಾಧವರು ಇಬ್ಬರೂ ಅವಳನ್ನು ಡಾಕ್ಟರ್ ದೀಪಾಲಿಯ ಹತ್ತಿರ ಕರೆದೊಯ್ದರು. ಕ್ಯಾಮೆರಾ ಹಾಕಿ ನೋಡಿದರು. ಕರುಳು ಮತ್ತೆ ಕೆಂಪಾಗಿ, ಹುಣ್ಣಾಗಿ, ಮುಟ್ಟಿದಲ್ಲಿ ರಕ್ತ ಸುರಿಸುತ್ತಿತ್ತು. ಹಿಮೊಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಎಂಟು ವರ್ಷ ದಾಟಿದ ರೋಗಕ್ಕೆ ಕ್ಯಾನ್ಸರಿನ ಭಯ ಇರುವುದರಿಂದ ಅಲ್ಲಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸ್ಟಿರಾಯ್ಡ್ ಮತ್ತೆ ಶುರು ಮಾಡಬೇಕಾಯಿತು. ಹಿಂದಿನ ಸಲದ ಸ್ಟಿರಾಯ್ಡಿಗೇ ಮೂವತ್ತೇಳರ ಹೆಂಗಸಿನ ಎಲುಬು ಅರವತ್ತರವರದಂತೆ ಸವೆದಿದೆ, ಹೀಗೇ ಹೆಚ್ಚು ದಿನ ಎಳೆಯುವಂತಿಲ್ಲ ಎಂದರು ಡಾಕ್ಟರ್. ಆಮೇಲೆ ಪೆನ್ನು ಹಿಡಿದುಕೊಂಡು ಮರಾಠಿಯಲ್ಲಿ ಕೇಳಿದರು, ಔಷಧ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ?

ಮಂಜರಿ ಬಾಯಿ ತೆರೆಯುವ ಮೊದಲು ಬಿಂದುಮಾಧವರು ಹೇಳಿದರು, "ಮೀ ಸ್ವತಃ ದೇತೋ, ಮ್ಯಾಡಮ್." ನಾನೇ ಸ್ವತಃ ಕೊಡುತ್ತೇನೆ.

ಡಾಕ್ಟರ್ ಹಾಗೆಯೇ ಬರೆದುಕೊಂಡರು. ಸರಿಯಾಗಿ ತೆಗೆದುಕೊಂಡೂ ಹೀಗಾಗಿದ್ದರೆ ಈ ಔಷಧ ಸೋತಿದೆ ಎಂದರ್ಥ, ಇನ್ನು ಎಂಟು ವಾರಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ದೊಡ್ಡ ಕರುಳನ್ನು ತೆಗೆದು ಹೊಟ್ಟೆಯ ಮೇಲೆ ಚೀಲ ಕೂಡಿಸುವುದು ಎಂದು ವಿವರಿಸಿದರು. ಮುಂದಿನ ಶುಕ್ರವಾರ ಶಸ್ತ್ರಚಿಕಿತ್ಸೆಯ ಡಾಕ್ಟರೂ ಕೂತು ಮಾತಾಡುತ್ತಾರೆ, ಆ ದಿನ ತೀರ್ಮಾನ. ದಾರಿಯಲ್ಲಿ ರಿಕ್ಷಾದಲ್ಲಿ ಬಿಂದುಮಾಧವರು ಸೊಸೆಯ ತಲೆಯ ಮೇಲೆ ಕೈಯಿಟ್ಟು, ರಾಯರಿದ್ದಾರೆ ಎಂದರು.

ಆ ಶುಕ್ರವಾರಕ್ಕೆ ಎರಡು ದಿನ ಇರುವಾಗ, ಬುಧವಾರ ಮಧ್ಯಾಹ್ನ ಕಚೇರಿಯಲ್ಲಿ ಅವಳು ಕ್ಯಾಪ್ಸೂಲ್ ಕೈಗೆ ತೆಗೆದುಕೊಂಡಳು. ಕವಚದ ಮುಚ್ಚಳ ಸಡಿಲವಿತ್ತು. ಕ್ಯಾಪ್ಸೂಲ್ ಎರಡು ಹೋಳಾಗಿ ಅರ್ಜಿಯೊಂದರ ಮೇಲೆ ಬಿತ್ತು. ಒಳಗಿನಿಂದ ಬೂದು ಪುಡಿ ಚೆಲ್ಲಿತು.

ಪುಡಿ ಅವಳಿಗೆ ಗೊತ್ತಿಲ್ಲದ್ದು. ಒಮ್ಮೆ ಆಸ್ಪತ್ರೆಯಲ್ಲಿ ಅವಳ ಕೈಯಲ್ಲೇ ಕ್ಯಾಪ್ಸೂಲ್ ಒಡೆದಾಗ ಹಾಸಿಗೆಯ ತುಂಬ ಉರುಳಿದ್ದವು ಸಾಸಿವೆಯಂಥ ಕಾಳು. ಕವಚದ ಮೇಲೆ ಸಣ್ಣ ಅಕ್ಷರ ಇರುತ್ತಿತ್ತು. ಇದರ ಮೇಲೆ ಇರಲಿಲ್ಲ. ಎಷ್ಟು ದಿನದಿಂದ ಇರಲಿಲ್ಲ? ಅವಳು ನೋಡಿಯೇ ಇರಲಿಲ್ಲ. ಪುಡಿಯನ್ನು ಕಾಗದದಲ್ಲಿ ಮಡಚಿಕೊಂಡು ಅರ್ಧ ದಿನದ ರಜೆ ಬರೆದುಕೊಟ್ಟು ನೇರ ವಾಕಡದ ಔಷಧಿ ಅಂಗಡಿಗೆ ಹೋದಳು. ಅಂಗಡಿಯ ಸ್ವಪ್ನಿಲ್ ನಕಲಿ ಮಾಲು ಮಾರುತ್ತಾನೆ ಎಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡಿದ್ದಳು, ಬೈಯಲು ಮರಾಠಿ ಮಾತುಗಳನ್ನೂ ಜೋಡಿಸಿಕೊಂಡಿದ್ದಳು.

ಸ್ವಪ್ನಿಲ್ ಸಿಟ್ಟಾಗಲಿಲ್ಲ. ಅದೇ ಹೆಸರಿನ ಹೊಸ ಪಾಕೀಟು ತೆಗೆದು ಅವಳ ಎದುರೇ ಒಂದನ್ನು ಬಿಚ್ಚಿ ಗಾಜಿನ ಮೇಲೆ ಸುರಿದ. ಕಾಳುಗಳು ಉರುಳಿದವು. "ವಹಿನೀ, ಹೇ ಬಘಾ," ಅತ್ತಿಗೆ, ಇದನ್ನು ನೋಡಿ ಎಂದು ತೋರಿಸಿದ. ನಿಮ್ಮ ಮಾವನವರು ಪ್ರತಿ ಸಲ ಒಯ್ಯುವುದು ಇದನ್ನೇ, ಬಿಲ್ಲು ಇದೆ ಎಂದ. ಈ ಕಾಳಿನ ಮೇಲೆ ಲೇಪ ಇರುತ್ತದೆ, ಅದು ಹೊಟ್ಟೆಯಲ್ಲಿ ಕರಗದೆ ದೊಡ್ಡ ಕರುಳಿನವರೆಗೆ ಹೋಗಿ ಅಲ್ಲಿ ಬಿಚ್ಚಿಕೊಳ್ಳಬೇಕು. ಅರೆದರೆ ಔಷಧ ಮೇಲೆಯೇ ಕರಗಿಹೋಗುತ್ತದೆ, ಹುಣ್ಣು ಇರುವಲ್ಲಿಗೆ ಸಾಕಷ್ಟು ಮುಟ್ಟುವುದಿಲ್ಲ ಎಂದೂ ಹೇಳಿದ. ಕೊನೆಗೆ ದನಿ ತಗ್ಗಿಸಿ, ಇದು ಅಂಗಡಿಯಲ್ಲಿ ಆದದ್ದಲ್ಲ ಅಂದ.

ಅಂಗಡಿಯಲ್ಲಿ ಅಲ್ಲವೆಂದರೆ ಮನೆಯಲ್ಲಿ. ಲಿಫ್ಟಿನಲ್ಲಿ ಏರುವಾಗ ಮಂಜರಿಯ ಕಣ್ಣ ಮುಂದೆ ಒಂದೇ ಮುಖ ಇತ್ತು: ಸೆರಗು ಹಿಂದೆಳೆದುಕೊಂಡು ಗಂಜಿ ಸುರಿಯುವ ಮುಖ.

ಬಾಗಿಲು ತೆರೆದದ್ದು ಆ ಮುಖವೇ. ರಂಗೂಬಾಯಿಯ ಕೈಯಲ್ಲಿ ಹಿತ್ತಾಳೆಯ ಕುಟ್ಟಾಣಿ ಇತ್ತು. ತೌರಿನಿಂದ ಬಂದದ್ದು, ದೇವರ ಪಾಯಸದ ಏಲಕ್ಕಿಯನ್ನಲ್ಲದೆ ಬೇರೆ ಏನನ್ನೂ ಅದರಲ್ಲಿ ಕುಟ್ಟಿದವರಿಲ್ಲ.

"ಛಲೋ ಆತು ಲಗೂ ಬಂದಿ," ಎಂದರು. "ನನ್ನ ಕುಟ್ಟಾಣಿ ಯಾಕ ಮುಟ್ಟೀದಿ? ತಳದಾಗ ಏನ ಇದು ಬೂದಿ ಅಂಥಾದ್ದು? ನಾಲಿಗಿಗೆ ಹಚ್ಚಿದರ ಕಹಿ."

"ನಾ ಅಡಿಗಿಮನಿ ಒಳಗ ಬಂದು ಎಷ್ಟು ದಿನಾತ್ರಿ? ನೀವ ಬಿಟ್ಟಿಲ್ಲಲಾ."

"ಮತ್ತ ಇದು ತಾನ ಬಂತೇನು?"

ಮಂಜರಿ ಕಾಗದದ ಮಡಿಕೆ ಬಿಚ್ಚಿ ಹಿಡಿದಳು. "ನೀವು ಇದನ್ನ ಅರದು ನನಗ ತಿನ್ನಿಸಿ, ಈಗ ನನ್ನ ಕೇಳ್ತೀರಿ?"

ಇಬ್ಬರೂ ಹೊಸ್ತಿಲಿನ ಆಚೆ ಈಚೆ ನಿಂತರು, ಒಬ್ಬರ ಕೈಯಲ್ಲಿ ಕುಟ್ಟಾಣಿ, ಇನ್ನೊಬ್ಬರ ಕೈಯಲ್ಲಿ ಪುಡಿ. ರಂಗೂಬಾಯಿ ಕಾಗದದೊಳಗೆ ನೋಡಿದರು. ಕುಟ್ಟಾಣಿಯೊಳಗೆ ನೋಡಿದರು. ಮತ್ತೆ ಕಾಗದದೊಳಗೆ ನೋಡಿದರು. ಮಡಿ ಮರೆತು ಬೆರಳಿನಿಂದ ಮುಟ್ಟಿ ಮೂಸಿದರು.

"ಮಧ್ಯಾಹ್ನ ನಾ ಅಡ್ಡಾದಾಗ ಕುಟ್ಟೋ ಸಪ್ಪಳ ಬರ್ತಿತ್ತು," ಎಂದರು ನಿಧಾನಕ್ಕೆ. "ಮೊಣಕಾಲಿನ ಚೂರ್ಣ ಅಂದ್ರು. ಇವತ್ತ ತೊಳದಿಡೋದು ಮರ್ತಾರ."

ಆಮೇಲೆ ಇಬ್ಬರೂ ಬಾಲ್ಕನಿಯ ಕಡೆ ತಿರುಗಿದರು. ಅಲ್ಲಿ ಬಿಂದುಮಾಧವರು ಪಂಚಾಂಗ ನೋಡುತ್ತ ಕುಳಿತಿದ್ದರು.

ಅವರು ಅಲ್ಲಗಳೆಯಲಿಲ್ಲ. ನಾಚಿಕೆಯನ್ನೂ ಪಡಲಿಲ್ಲ. ಒಳಗಿನ ಔಷಧದಲ್ಲಿ ಒಂದು ಕಣವೂ ಕಡಿಮೆಯಾಗಿಲ್ಲ, ಹೊರಗಿನ ಅಮೇಧ್ಯವನ್ನಷ್ಟೇ ತೆಗೆದಿದ್ದೇನೆ, ಇದು ಅವಳ ಪುಣ್ಯಕ್ಕೂ ಆಗಿ ಬರುವಂಥದ್ದು ಎಂದು ವಿವರಿಸಿದರು. ಸ್ವಪ್ನಿಲ್ ಹೇಳಿದ್ದನ್ನು ಮಂಜರಿ ಹೇಳಿದಾಗ ನಕ್ಕರು. ಮೂವತ್ತೊಂದು ವರ್ಷ ಔಷಧದ ನಡುವೆ ಬದುಕಿದವನಿಗೆ ಅಂಗಡಿಯ ಹುಡುಗ ಪಾಠ ಹೇಳುತ್ತಾನೆಯೆ? ಅವರು ಆ ಮೂವತ್ತೊಂದು ವರ್ಷ ಡ್ರಮ್ಮಿನ ಬಾಯಿಗೆ ಮುದ್ರೆ ಒತ್ತಿದ್ದರು, ಒಳಗೇನಿದೆ ಎಂದು ಯಾರನ್ನೂ ಕೇಳಿರಲಿಲ್ಲ. ಕೇಳದೆ ಇರುವುದೇ ಅಲ್ಲಿ ಒಳ್ಳೆಯ ನೌಕರಿ ಎನಿಸಿಕೊಳ್ಳುತ್ತಿತ್ತು. ಮನೆಯಲ್ಲೂ ಅದನ್ನೇ ನಡೆಸಿದರು.

ಸಂಜೆ ಋಷಿಕೇಶ ಬಂದ. ಎಲ್ಲ ಕೇಳಿದ. ಮಂಜರಿ ಅವನ ಮುಖ ನೋಡುತ್ತ ಕುಳಿತಿದ್ದಳು, ಈಗ ಸಿಟ್ಟಾಗುತ್ತಾನೆ, ಈಗ ಸಿಟ್ಟಾಗುತ್ತಾನೆ ಎಂದು. ಅವನು ಸಿಟ್ಟಾಗಲಿಲ್ಲ. ಕಾಗದ ಪರಿಶೀಲಿಸುವವನಂತೆ ಸುಮ್ಮನೆ ಯೋಚಿಸಿದ. ಊಟವಾದ ಮೇಲೆ ಅವಳನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ.

"ಶುಕ್ರವಾರ ಡಾಕ್ಟರಿಗೆ ನೀನ ಗುಳಿಗಿ ಮರ್ತೆ ಅಂತ ಹೇಳಿಬಿಡು. ಕಾಲೇಜಿನ ಗದ್ಲದಾಗ. ಹಿಂದ ಒಮ್ಮೆ ಮರ್ತಿದ್ದಿ, ಫೈಲಿನಾಗ ಅದ, ನಂಬತಾರ."

"ನಾ ಮರ್ತಿಲ್ಲಲಾ."

"ಗೊತ್ತದ. ಅಪ್ಪಗ ಎಪ್ಪತ್ತನಾಕು ವರ್ಷ. ಮಠದಾಗ, ಕನ್ನಡ ಸಂಘದಾಗ ಹೆಸರದ. ಫೈಲಿನ್ಯಾಗ ಒಮ್ಮೆ ಬಿತ್ತಂದ್ರ ಪೊಲೀಸರ ತನಕಾ ಹೋಗ್ತದ. ನಾ ದಿನಾ ಇಂಥಾವ ನೋಡ್ತೀನಿ."

"ಮರಿಯೋ ಪೇಶಂಟ್ ಅಂತ ಬರದ್ರ ಮತ್ತ ಗುಳಿಗಿ ಮ್ಯಾಲೆ ನನ್ನ ಯಾಕ ಬಿಡ್ತಾರ? ನೆಟ್ಟಗ ತೊಗೊಂಡಾಳ ಅಂತ ಬರದ್ರ ಔಷಧ ಸೋತದ ಅಂತಾರ. ಎರಡೂ ಕಡೆ ಹೋಗೋದು ನನ್ನ ಕರಳ ಅಲಾ?"

"ಈಗಿನ ಆಪರೇಶನ್ ಭಾಳ ಸುಧಾರಿಸ್ಯಾವ," ಎಂದ ಋಷಿಕೇಶ.

ಮಂಜರಿ ಆ ಮಾತು ಹೇಳಿದ ಬಾಯಿಯನ್ನು ನೋಡಿದಳು. ಈ ಮನುಷ್ಯನಿಗೆ ಮೊದಲೇ ಗೊತ್ತಿತ್ತೋ ಏನೋ ಎಂಬ ಸಂಶಯ ಅಲ್ಲಿ ಹುಟ್ಟಿತು. ಕೇಳಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತಿದ್ದ. ಅದನ್ನು ಪರೀಕ್ಷಿಸಲು ಅವಳ ಬಳಿ ಯಾವ ಕಾಗದವೂ ಇರಲಿಲ್ಲ. ಪುಡಿಯ ಮಡಿಕೆಯನ್ನು ಕಚೇರಿಯ ಚೀಲದ ಒಳಜೇಬಿಗೆ ಹಾಕಿ ಚೈನು ಎಳೆದಳು.

ಗುರುವಾರ ಮನೆ ಸಾಮಾನ್ಯ ಮನೆಯಂತೆ ನಡೆಯಿತು. ಮಂಜರಿ ಸ್ವಪ್ನಿಲನ ಅಂಗಡಿಯಿಂದ ತಾನೇ ಪಾಕೀಟು ತಂದು ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ಬೆಳಿಗ್ಗೆ ಬಿಂದುಮಾಧವರು ಹೆಂಡತಿಯ ಥೈರಾಯ್ಡಿನ ಗುಳಿಗೆಯನ್ನು ಡಬ್ಬಿಯಿಂದ ತೆಗೆದು ಕೊಟ್ಟಾಗ ರಂಗೂಬಾಯಿ ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಗುಳಿಗಿನ ಹೌದಲ್ರಿ?"

"ಮತ್ತೇನು?"

"ಸುಮ್ಮನ ಕೇಳಿದೆ." ಗುಳಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದರು. ಅದನ್ನು ನುಂಗಿದ್ದನ್ನು ಯಾರೂ ಕಾಣಲಿಲ್ಲ.

ಸಂಜೆ ಅವರು ಗಂಜಿಯ ಬಟ್ಟಲನ್ನು ಎಂದಿನಂತೆ ಮೇಲಿಂದ ಸುರಿಯದೆ ಮಂಜರಿಯ ಎದುರು ಇಟ್ಟರು. ಪಕ್ಕದಲ್ಲಿ ಇನ್ನೊಂದು ಸಣ್ಣ ಬಟ್ಟಲು. ಅದರಲ್ಲಿ ಮೊಸರು. ಎಲ್ಲಿಂದ ತಂದರೆಂದು ಮಂಜರಿ ಕೇಳಲಿಲ್ಲ. ನಾಲಗೆಯ ತುದಿಯಿಂದ ಪರೀಕ್ಷಿಸಿದಳು, ಅಭ್ಯಾಸಕ್ಕೆ. ರಂಗೂಬಾಯಿ ಅದನ್ನು ನೋಡಿಯೂ ನೋಡದವರಂತೆ ನಿಂತರು.

ಶುಕ್ರವಾರ ಬೆಳಿಗ್ಗೆ ಮಂಜರಿ ಸ್ನಾನ ಮಾಡಿ ಬರುವಷ್ಟರಲ್ಲಿ ನೀಲಿ ಡಬ್ಬಿಯ ಏಳು ಖಾನೆಯೂ ಬರಿದಾಗಿದ್ದವು. ಖಾಲಿ ಕವಚಗಳ ಪೊಟ್ಟಣ ಕಪಾಟಿನಲ್ಲಿ ಇರಲಿಲ್ಲ. ಸಂಡಾಸಿನ ನೀರು ಇನ್ನೂ ಬೂದಿಯ ಬಣ್ಣಕ್ಕೆ ಸುತ್ತುತ್ತಿತ್ತು. ಅವಳು ಓಡಿ ಬಂದು ಚೀಲದ ಚೈನು ಎಳೆದಳು. ಒಳಜೇಬಿನಲ್ಲಿ ಕಾಗದದ ಮಡಿಕೆ ಇರಲಿಲ್ಲ.

ಋಷಿಕೇಶ ಕನ್ನಡಿಯ ಮುಂದೆ ಕೂದಲು ಬಾಚುತ್ತಿದ್ದ. ತಿರುಗಲಿಲ್ಲ.

"ರಿಕ್ಷಾ ಹೇಳೀನಿ. ನಾ ಹೇಳಿದ್ದು ನೆನಪದಲಾ?"

"ನೆನಪದ," ಎಂದಳು ಮಂಜರಿ. "ಹಂಗ ಹೇಳೂದಿಲ್ಲ. ಏನಾಗ್ಯದೋ ಅದನ್ನ ಹೇಳ್ತೀನಿ."

"ಏನಾಗ್ಯದ? ಏನದ ನಿನ್ನ ಕಡೆ ತೋರಿಸ್ಲಿಕ್ಕೆ? ಅಪ್ಪ ಇಲ್ಲ ಅಂತಾರ, ನಾ ಇಲ್ಲ ಅಂತೀನಿ. ಸ್ಟಿರಾಯ್ಡಿಗೆ ತಲಿ ಹಂಗಾಗ್ತದ, ಡಾಕ್ಟರಿಗೂ ಗೊತ್ತದ."

ಅವಳು ಹೊರಗೆ ಬಂದಳು. ಅಡಿಗೆಮನೆಯ ಬಾಗಿಲಲ್ಲಿ ಬಿಂದುಮಾಧವರು ಬೆನ್ನು ಮಾಡಿ ನಿಂತಿದ್ದರು. ಒಳಗೆ ರಂಗೂಬಾಯಿ ಮಡಿ ಸೀರೆಯಲ್ಲಿ, ಒದ್ದೆ ಕೂದಲು ಗಂಟು ಹಾಕಿಕೊಂಡು, ತೊಳೆಯುವ ಕಲ್ಲಿನ ಪಕ್ಕ ಇದ್ದರು. ಕುಟ್ಟಾಣಿ ಅವರ ಎಡಗೈಯಲ್ಲಿತ್ತು. ಬುಧವಾರದಿಂದ ಅದು ತೊಳೆಯದೆ ಬಿದ್ದಿತ್ತು. ಒಂದು ಚಮಚ ಎಂಜಲಾದರೂ ಎರಡು ಸಲ ತಿಕ್ಕುವ ಹೆಂಗಸಿನ ಮನೆಯಲ್ಲಿ ಎರಡು ದಿನ ತೊಳೆಯದೆ ಬಿದ್ದಿತ್ತು. ತಳದ ಗೀರುಗಳಲ್ಲಿ ಬೂದು ಪುಡಿ ಗಟ್ಟಿಯಾಗಿ ಕೂತಿತ್ತು.

"ಇನ್ನೂ ಕೈಯಾಗ ಹಿಡಕೊಂಡ ನಿಂತೀಯಲ್ಲ," ಎಂದರು ಬಿಂದುಮಾಧವರು. "ಹುಣಸಿಹಣ್ಣು ಹಚ್ಚಿ ಛಲೋತ್ನಂಗ ತಿಕ್ಕು. ನೈವೇದ್ಯಕ್ಕ ಹೊತ್ತಾತು."

"ಇದರಾಗ ಕುಟ್ಟಿದ ಏಲಕ್ಕಿನ ನಾ ದಿನಾ ದೇವರ ಪಾಯಸಕ್ಕ ಹಾಕೀನ್ರಿ," ಎಂದರು ರಂಗೂಬಾಯಿ. "ಎಲುಬಿನಾಗ ಇದ್ದದ್ದನ್ನ ನನ್ನ ದೇವರ ಕುಟ್ಟಾಣ್ಯಾಗ ಅರದ್ರಿ. ಆಕೀಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ."

"ಹಿಂದಿಂದು ಬಿಡು. ಮೊದಲ ತೊಳಿ ಅದನ್ನ."

ರಂಗೂಬಾಯಿ ಗಂಡನ ಹೆಗಲಾಚೆ ಸೊಸೆಯನ್ನು ಕಂಡರು. ಹೊಸ್ತಿಲಿನವರೆಗೆ ಬಂದು, ಮಡಿಯಲ್ಲೇ, ಕೈ ಚಾಚಿ ಕುಟ್ಟಾಣಿಯನ್ನು ಮಂಜರಿಯ ಎರಡು ಕೈಯೊಳಗೆ ಇಟ್ಟರು. ಬೆರಳಿಗೆ ಬೆರಳು ತಾಗಿತು. ಸೆರಗನ್ನು ಹಿಂದೆಳೆದುಕೊಳ್ಳಲಿಲ್ಲ.

"ರಂಗೂ, ತೊಳಿ ಅಂದೆ."

"ತೊಳಿಯೂದಿಲ್ಲ," ಎಂದರು ರಂಗೂಬಾಯಿ.